ಹಸು ಕೊಂದು ಕೆರ ದಾನ? ರಾಕ್‌ಫೆಲರ್‌ನ ಕೊಕ್ಕೆಹುಳು ಪ್ರಕರಣ

1909ನೇ ಇಸವಿಯ ಮೂರು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ಪ್ರಕರಣ ಅರ್ಧ ಅರ್ಥವಾಗುತ್ತದೆ.

ಏಪ್ರಿಲ್‌ನಲ್ಲಿ ವಾಟರ್ಸ್-ಪಿಯರ್ಸ್ ಎಂಬ ಎಣ್ಣೆ ಕಂಪನಿ ಅಮೆರಿಕದ ಟೆಕ್ಸಾಸ್ ರಾಜ್ಯದ ಖಜಾನೆಗೆ 18 ಲಕ್ಷ ಡಾಲರಿಗೂ ಮಿಕ್ಕಿ ದಂಡ ಕಟ್ಟಿತು. ಪೈಪೋಟಿಯನ್ನು ಹೊಸಕಿಹಾಕಿ ಮಾರುಕಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದದ್ದು ಅದರ ಅಪರಾಧ. ಆ ಕಂಪನಿಯ ಹೆಚ್ಚಿನ ಷೇರು ಇದ್ದದ್ದು ಜಾನ್ ಡಿ. ರಾಕ್‌ಫೆಲರ್ ಕಟ್ಟಿದ ಸ್ಟ್ಯಾಂಡರ್ಡ್ ಆಯಿಲ್ ಕೈಯಲ್ಲಿ. ಅಕ್ಟೋಬರ್ ಕೊನೆಗೆ ಅದೇ ರಾಕ್‌ಫೆಲರ್, ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಕರುಳಿನಲ್ಲಿ ನೆಲೆಸಿ ರಕ್ತ ಹೀರುವ ಕೊಕ್ಕೆಹುಳುವಿನ ರೋಗವನ್ನು ನಿರ್ಮೂಲ ಮಾಡಲು ಐದು ವರ್ಷದ ಅವಧಿಗೆ 10 ಲಕ್ಷ ಡಾಲರ್ ಕೊಡುವನೆಂಬ ಸುದ್ದಿ ಪ್ರಕಟವಾಯಿತು. ಅದಾಗಿ ತಿಂಗಳು ತುಂಬುವ ಮೊದಲೇ, ನವೆಂಬರ್ 20ರಂದು, ಫೆಡರಲ್ ಸರ್ಕಿಟ್ ಕೋರ್ಟು ಸ್ಟ್ಯಾಂಡರ್ಡ್ ಆಯಿಲ್ ಕಾನೂನುಬಾಹಿರ ಕೂಟವೆಂದೂ ಅದನ್ನು ಒಡೆಯಬೇಕೆಂದೂ ತೀರ್ಪು ಕೊಟ್ಟಿತು. 1911ರ ಮೇ 15ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ಎತ್ತಿಹಿಡಿದು, ಕಂಪನಿ 34 ಹೋಳಾಯಿತು.

ಹಣ ಹೋಗಬೇಕಿದ್ದ 11 ರಾಜ್ಯಗಳಲ್ಲಿ ಟೆಕ್ಸಾಸ್ ಕೂಡ ಒಂದು. ಅಂದರೆ ಅಲ್ಲಿನವರ ಕಣ್ಣಿಗೆ, ಅದೇ ವರ್ಷ ವಸೂಲಾದ ದಂಡವೇ ಈಗ ಬರುವ ದಾನಕ್ಕಿಂತ ದೊಡ್ಡದು. ಇಂಥ ಹೊತ್ತಿನಲ್ಲಿ ಯಾರೂ ಅನುಮಾನಪಡದಿದ್ದರೆ ಅದೇ ಆಶ್ಚರ್ಯ. ಆದರೂ 1914ರ ಕೊನೆಗೆ ಲೆಕ್ಕ ಮುಚ್ಚುವಾಗ ಸುಮಾರು 7 ಲಕ್ಷ ಜನ ಈ ಹಣದಲ್ಲಿ ಔಷಧಿ ಪಡೆದಿದ್ದರು. ಔಷಧಿ ತೆಗೆದುಕೊಂಡವರೆಲ್ಲ ರಾಕ್‌ಫೆಲರ್‌ನನ್ನು ಮೆಚ್ಚಿದರೇ? ಇಲ್ಲ, ಮೆಚ್ಚುವ ಅಗತ್ಯವೇ ಬೀಳಲಿಲ್ಲ. ನಮ್ಮ ಮಟ್ಟಿಗೆ ಈ ಪ್ರಕರಣದ ತಿರುಳು ಇರುವುದು ಅಲ್ಲಿಯೇ.

ಅನುಮಾನ ಒಂದಲ್ಲ, ಹಲವು

ಕೆಟ್ಟ ಹೆಸರಿನವರು ಒಳ್ಳೆಯ ಕೆಲಸ ಮಾಡಿದಾಗ ಏಳುವ ಗುಲ್ಲನ್ನು ಒಂದೇ ಮುದ್ದೆ ಮಾಡಿ "ಜನರಿಗೆ ನಂಬಿಕೆ ಇರಲಿಲ್ಲ" ಎಂದು ಬರೆದುಬಿಡುವುದು ಸಾಮಾನ್ಯ ತಪ್ಪು. ಈ ಪ್ರಕರಣದಲ್ಲಿ ಕನಿಷ್ಠ ನಾಲ್ಕು ಬೇರೆಬೇರೆ ಅನುಮಾನಗಳು ಒಟ್ಟಿಗೆ ಓಡಾಡುತ್ತಿದ್ದವು. ಒಂದಕ್ಕೆ ಕೊಟ್ಟ ಉತ್ತರ ಇನ್ನೊಂದಕ್ಕೆ ಮುಟ್ಟುವಂತಿರಲಿಲ್ಲ.

ಮೊದಲನೆಯದು ಹಣದ ಮೂಲದ್ದು. ರೈಲು ಕಂಪನಿಗಳಿಂದ ಗುಟ್ಟಾಗಿ ಪಡೆದ ಬಾಡಿಗೆ ರಿಯಾಯಿತಿ, ಪ್ರತಿಸ್ಪರ್ಧಿಗಳು ಕಟ್ಟಿದ ಬಾಡಿಗೆಯಲ್ಲೂ ತನಗೊಂದು ಪಾಲು, ಮಣಿಯದವರನ್ನು ಬೆಲೆ ಇಳಿಸಿ ಮುಳುಗಿಸುವುದು, ಇವನ್ನೆಲ್ಲ ಪತ್ರಕರ್ತೆ ಇಡಾ ಟಾರ್ಬೆಲ್ 1902ರಿಂದ 1904ರವರೆಗೆ ಮಾಸಿಕವೊಂದರಲ್ಲಿ ದಾಖಲೆ ಸಮೇತ ಬಿಡಿಸಿಟ್ಟಿದ್ದಳು. 1905ರಲ್ಲಿ ಬೋಸ್ಟನ್ನಿನ ಒಂದು ಮಿಷನರಿ ಮಂಡಳಿಗೆ ರಾಕ್‌ಫೆಲರ್ 1 ಲಕ್ಷ ಡಾಲರ್ ಕೊಟ್ಟಾಗ, ಆ ಪಂಥದವನೇ ಆದ ಪಾದ್ರಿ ವಾಷಿಂಗ್ಟನ್ ಗ್ಲಾಡನ್ ಅದನ್ನು ಕಳಂಕಿತ ಹಣವೆಂದು ಕರೆದು ಮುಟ್ಟಬಾರದೆಂದ. ಮಂಡಳಿ ಮೊದಲು ತೆಪ್ಪಗಿದ್ದು, ಹಣ ತಾನಾಗಿ ಬಂದು ಬಿದ್ದದ್ದೆಂದು ಜನ ಭಾವಿಸಲು ಬಿಟ್ಟಿತು. ತಾವೇ ಬಹಳ ದಿನದಿಂದ ಕೇಳಿ ಪಡೆದದ್ದೆಂಬ ಸತ್ಯ ಕಡೆಗೆ ಹೊರಬಿತ್ತು. ರಾಕ್‌ಫೆಲರ್‌ಗಿಂತ ಮಂಡಳಿಗೇ ಹೆಚ್ಚು ಮುಜುಗರವಾಯಿತು. ದಾನದ ಗಲಾಟೆಗಳಲ್ಲಿ ಇದು ಪದೇ ಪದೇ ಕಾಣುವ ಸಂಗತಿ: ಕೊಟ್ಟವನ ಪಾಪಕ್ಕಿಂತ ಪಡೆದವನ ಮುಚ್ಚುಮರೆ ಬೇಗ ನಾರುತ್ತದೆ.

ಎರಡನೆಯದು ಸಮಯದ್ದು. ಕೋರ್ಟಿನಲ್ಲಿ ಮೊಕದ್ದಮೆ ನಡೆಯುವಾಗ ಬರುವ ದಾನ ಲಂಚದಂತೆ ಕಾಣದೆ ಇರುವುದಿಲ್ಲ. ಸಂಪತ್ತನ್ನು ಗಳಿಸುವಾಗ ಮಾಡಿದ ತಪ್ಪಿಗೆ ಖರ್ಚು ಮಾಡುವಾಗಿನ ಔದಾರ್ಯ ಪರಿಹಾರವಾಗದು ಎಂಬ ಅರ್ಥದ ಮಾತನ್ನು ಥಿಯೊಡೋರ್ ರೂಸ್ವೆಲ್ಟ್ ಆಡಿದ್ದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವುದು ನಮಗೆ ಗೊತ್ತಿರುವುದೇ. ಇಲ್ಲಂತೂ ಹೋದದ್ದೂ ಆನೆಯೇ.

ಮೂರನೆಯದು ಅವಮಾನದ್ದು. ಇದನ್ನು ಹೊರಗಿನವರು ಸುಲಭವಾಗಿ ಮರೆಯುತ್ತಾರೆ. ಪ್ರಾಣಿಶಾಸ್ತ್ರಜ್ಞ ಚಾರ್ಲ್ಸ್ ವಾರ್ಡೆಲ್ ಸ್ಟೈಲ್ಸ್ 1902ರಲ್ಲಿ ಈ ಹುಳುವನ್ನು ಗುರುತಿಸಿ, ದಕ್ಷಿಣದ ಬಡ ರೈತರ ನಿತ್ರಾಣಕ್ಕೆ ಇದೇ ಕಾರಣವೆಂದಾಗ, ಉತ್ತರದ ಪತ್ರಿಕೆಗಳು ಇದಕ್ಕೆ "ಸೋಮಾರಿತನದ ಕ್ರಿಮಿ" ಎಂದು ಹೆಸರಿಟ್ಟು ಗೇಲಿ ಮಾಡಿದವು. ಅಂತರ್ಯುದ್ಧದಲ್ಲಿ ಸೋತು ನಲವತ್ತು ವರ್ಷವಷ್ಟೇ ಕಳೆದಿದ್ದ ನಾಡು ಅದು. ಗೆದ್ದ ಕಡೆಯ ಒಬ್ಬ ಸಾಹುಕಾರ ಈಗ ಬಂದು, ನಿಮ್ಮ ಹೊಟ್ಟೆಯಲ್ಲಿ ಹುಳುವಿದೆ, ನಿಮ್ಮ ಮನೆಗಳಿಗೆ ಪಾಯಿಖಾನೆಯಿಲ್ಲ, ಬನ್ನಿ ಉದ್ಧಾರ ಮಾಡುತ್ತೇನೆ ಎಂದರೆ ಯಾರಿಗೆ ರುಚಿಸೀತು? ಅಟ್ಲಾಂಟಾದ ಮೆಥಡಿಸ್ಟ್ ಬಿಷಪ್ ವಾರನ್ ಕ್ಯಾಂಡ್ಲರ್ ರಾಕ್‌ಫೆಲರ್‌ನ ದಾನಗಳನ್ನೆಲ್ಲ ಒಟ್ಟಾಗಿ ವಿರೋಧಿಸಿದ್ದು ಈ ನೆಲೆಯಿಂದಲೇ. ಇದೇ ಬಿಷಪ್‌ನ ಅಣ್ಣ ಏಸಾ ಕ್ಯಾಂಡ್ಲರ್ ಕೋಕಾ-ಕೋಲಾದ ಒಡೆಯ. 1914ರಲ್ಲಿ ಅವನು ಎಮರಿ ವಿಶ್ವವಿದ್ಯಾಲಯಕ್ಕೆ 10 ಲಕ್ಷ ಡಾಲರ್ ಕೊಟ್ಟಾಗ ಅದರ ಚಾನ್ಸಲರ್ ಆಗಿ ಕೂತವನು ಇದೇ ಬಿಷಪ್. ಮನೆಯ ಹಣಕ್ಕೆ ಮಡಿಯ ಪರೀಕ್ಷೆ ಕಡಿಮೆ!

ನಾಲ್ಕನೆಯದು ಎಲ್ಲಕ್ಕಿಂತ ಸ್ವಾರಸ್ಯದ್ದು. ರಾಕ್‌ಫೆಲರ್ ಬೂಟಿನ ವ್ಯಾಪಾರಕ್ಕೆ ಇಳಿಯುತ್ತಿದ್ದಾನೆ, ಬರಿಗಾಲಿನಲ್ಲಿ ಓಡಾಡಿದರೆ ರೋಗ ಬರುತ್ತದೆಂದು ಹೆದರಿಸಿ ಬೇಸಿಗೆಯಲ್ಲೂ ಎಲ್ಲರೂ ಬೂಟು ಕೊಳ್ಳುವ ಹಾಗೆ ಮಾಡಲು ಈ ನಾಟಕ, ಎಂಬ ಸುದ್ದಿ ಹಬ್ಬಿತು.

ಬೂಟಿನ ಗುಮಾನಿ ಪೆದ್ದುತನವಾಗಿರಲಿಲ್ಲ

ಈ ವದಂತಿಯನ್ನು ಇಂದು ಓದಿ ನಗುವವರು ಹುಳುವಿನ ದಾರಿಯನ್ನೂ ಕಂಪನಿಯ ದಾರಿಯನ್ನೂ ಒಮ್ಮೆ ನೋಡಬೇಕು.

ಹುಳುವಿನ ದಾರಿ ಹೀಗಿದೆ. ರೋಗಿಯ ಮಲದೊಂದಿಗೆ ಮೊಟ್ಟೆ ನೆಲಕ್ಕೆ ಬೀಳುತ್ತದೆ. ನೆರಳು, ಬೆಚ್ಚಗಿನ ತೇವ, ಮರಳುಮಿಶ್ರಿತ ಮಣ್ಣು ಇದ್ದರೆ ಒಂದೆರಡು ದಿನದಲ್ಲಿ ಒಡೆದು ಮರಿ ಹೊರಬರುತ್ತದೆ. ವಾರದ ಆಸುಪಾಸಿನಲ್ಲಿ ಅದು ಚರ್ಮ ಕೊರೆಯುವಷ್ಟು ಬಲಿಯುತ್ತದೆ. ಬರಿಗಾಲು ತಾಗಿದರೆ ಬೆರಳ ಸಂದಿಯ ಮೆತ್ತನೆಯ ಚರ್ಮದಿಂದ ಒಳಗೆ ನುಗ್ಗುತ್ತದೆ. ಅಲ್ಲಿ ಏಳುವ ತುರಿಕೆಯ ಗುಳ್ಳೆಗಳನ್ನು ದಕ್ಷಿಣದ ಹಳ್ಳಿಗರು ಇಬ್ಬನಿಯ ವಿಷವೆನ್ನುತ್ತಿದ್ದರು. ರಕ್ತದ ಜೊತೆ ಹರಿದು ಶ್ವಾಸಕೋಶ, ಅಲ್ಲಿಂದ ಗಂಟಲು, ನುಂಗಿದಾಗ ಹೊಟ್ಟೆ, ಕಡೆಗೆ ಸಣ್ಣ ಕರುಳು. ಅಲ್ಲಿ ಒಂದು ಸೆಂಟಿಮೀಟರಿನಷ್ಟು ಬೆಳೆದು, ಕರುಳಿನ ಒಳಗೋಡೆಗೆ ಬಾಯಿ ಕಚ್ಚಿ ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಹೀರುವುದು 0.03 ಮಿಲಿಲೀಟರಿನಷ್ಟು, ಲೆಕ್ಕಕ್ಕೇ ಇಲ್ಲದಷ್ಟು. ಆದರೆ 500 ಹುಳುಗಳಿದ್ದರೆ ದಿನಕ್ಕೆ 15 ಮಿಲಿಲೀಟರ್. ಜೋಳದ ರೊಟ್ಟಿ, ಉಪ್ಪು ಹಾಕಿದ ಹಂದಿಕೊಬ್ಬು ಬಿಟ್ಟು ಬೇರೆ ಕಾಣದ ಮಗು ಅಷ್ಟು ರಕ್ತವನ್ನು ಎಲ್ಲಿಂದ ತುಂಬಿಕೊಂಡೀತು? ಮುಖ ಬಿಳಿಚಿಕೊಂಡು, ಹೊಟ್ಟೆ ಮುಂದೆ ಬಂದು, ಬೆಳವಣಿಗೆ ಕುಂಠಿತವಾಗಿ, ಮಣ್ಣು ತಿನ್ನುವ ಚಟ ಹತ್ತುತ್ತಿತ್ತು. ನೋಡುವವರಿಗೆ ಇದು ಸೋಮಾರಿತನ.

ಅಂದಮೇಲೆ ಬೂಟು ಹಾಕಿದರೆ ರೋಗ ತಡೆಯಬಹುದೆಂಬುದು ನಿಜವೇ. ವೈದ್ಯರೂ ಹಾಗೆ ಹೇಳುತ್ತಿದ್ದರು.

ಇನ್ನು ಕಂಪನಿಯ ದಾರಿ. 1900ರಲ್ಲಿ ಟೆಕ್ಸಾಸ್‌ನಿಂದ ಹೊರಹಾಕಲ್ಪಟ್ಟ ವಾಟರ್ಸ್-ಪಿಯರ್ಸ್, ಸ್ಟ್ಯಾಂಡರ್ಡ್ ಆಯಿಲ್‌ಗೂ ತನಗೂ ಸಂಬಂಧವಿಲ್ಲವೆಂದು ಹೇಳಿಕೊಂಡು ಹೊಸದಾಗಿ ಪರವಾನಗಿ ಪಡೆದು ಒಳಗೆ ಬಂದಿತ್ತು. ಷೇರುಗಳು ಎಲ್ಲಿದ್ದವೋ ಅಲ್ಲೇ ಇದ್ದವೆಂಬುದು ಆಮೇಲೆ ಬಯಲಾಯಿತು. 1909ರ ದಂಡದ ಹಿನ್ನೆಲೆ ಇದೇ. ಮುಖ ಒಂದು, ಒಡೆತನ ಇನ್ನೊಂದು ಎಂಬ ತಂತ್ರವನ್ನು ಜನ ಕಣ್ಣಾರೆ ಕಂಡಿದ್ದರು. ಆರೋಗ್ಯದ ಹೆಸರಿನ ಹಿಂದೆ ಬೂಟಿನ ಅಂಗಡಿ ಇರಬಹುದೆಂದು ಅವರು ಊಹಿಸಿದ್ದರಲ್ಲಿ ನಿರ್ದಿಷ್ಟ ಸಂಗತಿ ತಪ್ಪಾಗಿತ್ತು, ಯೋಚನೆಯ ಕ್ರಮ ಸರಿಯಾಗಿಯೇ ಇತ್ತು. ಹಸು ಕೊಂದು ಕೆರ ದಾನ ಮಾಡಿದ ಎಂಬ ಗಾದೆಯಲ್ಲಿ ಕೆರವನ್ನು ಪುಕ್ಕಟೆಯಾದರೂ ಕೊಡುತ್ತಾರೆ. ಇಲ್ಲಿ ಮಾರುತ್ತಾನಂತೆ ಎಂಬುದಷ್ಟೇ ವ್ಯತ್ಯಾಸ.

ಇಂಥ ವದಂತಿಗೆ ಪ್ರಕಟಣೆ ಹೊರಡಿಸಿ "ಬೂಟಿನ ವ್ಯಾಪಾರದ ಉದ್ದೇಶವಿಲ್ಲ" ಎಂದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ, ಏಕೆಂದರೆ ಇಂಥ ನಿರಾಕರಣೆಯನ್ನೇ ಅವರು ಹಿಂದೆ ನಂಬಿ ಕೆಟ್ಟಿದ್ದರು. ಉತ್ತರ ಬರಬೇಕಾಗಿದ್ದದ್ದು ವ್ಯವಸ್ಥೆಯಿಂದ.

ವ್ಯವಸ್ಥೆ ಕಟ್ಟಿದ ಬಗೆ

ಹಣ ಕೇಳಿದವರು ಯಾರೆಂಬುದು ಈ ಸಲ ಗುಟ್ಟಾಗಿರಲಿಲ್ಲ. ಸ್ಟೈಲ್ಸ್ ಏಳು ವರ್ಷದಿಂದ ಕಂಡಕಂಡವರಿಗೆ ಹುಳುವಿನ ಕಥೆ ಹೇಳುತ್ತ ತಿರುಗುತ್ತಿದ್ದವನು. 1908ರಲ್ಲಿ ಗ್ರಾಮೀಣ ಜೀವನದ ಸಮಿತಿಯ ಪ್ರವಾಸದಲ್ಲಿ ಪತ್ರಿಕಾ ಸಂಪಾದಕ ವಾಲ್ಟರ್ ಹೈನ್ಸ್ ಪೇಜ್‌ಗೆ ಅವನು ಇದನ್ನು ಮನಗಾಣಿಸಿದ. ಪೇಜ್ ಹುಟ್ಟಿದ್ದು ದಕ್ಷಿಣದ ನಾರ್ತ್ ಕ್ಯಾರೊಲಿನಾದಲ್ಲಿ. ಅವನ ಮೂಲಕ ಸುದ್ದಿ ರಾಕ್‌ಫೆಲರ್‌ನ ದಾನದ ಸಲಹೆಗಾರ ಫ್ರೆಡರಿಕ್ ಗೇಟ್ಸ್‌ವರೆಗೆ ತಲುಪಿತು. ರಾಕ್‌ಫೆಲರ್ ಸ್ಯಾನಿಟರಿ ಕಮಿಷನ್ ಎಂಬ ಹೆಸರಿನಲ್ಲಿ 12 ಜನರ ಸಮಿತಿಯಾಯಿತು. ಹೆಸರಾಂತ ವೈದ್ಯ ವಿಲಿಯಂ ವೆಲ್ಚ್ ಅದರಲ್ಲಿದ್ದ. ದಕ್ಷಿಣದ ಶಿಕ್ಷಣ ಕ್ಷೇತ್ರದ ಹಲವರಿದ್ದರು. ಎಣ್ಣೆ ವ್ಯಾಪಾರಕ್ಕೆ ಇದರ ಕೆಲಸ ಎಲ್ಲೂ ತಾಗುವಂತಿರಲಿಲ್ಲ.

ಕಾರ್ಯದರ್ಶಿಯಾಗಿ ಬಂದ ವಿಕ್ಲಿಫ್ ರೋಸ್ ವೈದ್ಯನಲ್ಲ, ಟೆನೆಸಿಯ ತತ್ವಶಾಸ್ತ್ರದ ಮೇಷ್ಟ್ರು. ಮಾತು ಕಡಿಮೆ, ಪ್ರಚಾರವೆಂದರೆ ಅಲರ್ಜಿ. ಕಚೇರಿಯನ್ನು ನ್ಯೂಯಾರ್ಕಿನಲ್ಲಿ ಇಡದೆ ವಾಷಿಂಗ್ಟನ್ನಿನಲ್ಲಿಟ್ಟ. ಅವನು ಪಟ್ಟು ಹಿಡಿದದ್ದು ಮುಖ್ಯವಾಗಿ ಒಂದು ಸಂಗತಿಗೆ: ಸಮಿತಿ ತಾನಾಗಿ ಯಾವ ರಾಜ್ಯಕ್ಕೂ ಕಾಲಿಡದು, ಕರೆದರೆ ಮಾತ್ರ. ರಾಜ್ಯದ ಆರೋಗ್ಯ ಮಂಡಳಿ ಒಪ್ಪಿದ ಮೇಲೆ ಅಲ್ಲಿಗೊಬ್ಬ ನೈರ್ಮಲ್ಯ ನಿರ್ದೇಶಕನ ನೇಮಕವಾಗುತ್ತಿತ್ತು. ಸಂಬಳ ಸಮಿತಿಯದು, ಹುದ್ದೆ ರಾಜ್ಯದ್ದು. ಅವನು ಉತ್ತರ ಹೇಳಬೇಕಾದದ್ದು ತನ್ನ ರಾಜ್ಯದ ಮಂಡಳಿಗೆ. ಅವನ ಕೈಕೆಳಗೆ ಊರೂರು ಸುತ್ತುವ ವೈದ್ಯರು, ಮೈಕ್ರೋಸ್ಕೋಪ್ ನೋಡುವವರು, ಎಲ್ಲರೂ ಹೆಚ್ಚಾಗಿ ಅದೇ ರಾಜ್ಯದವರು. ಕರಪತ್ರದಲ್ಲಿ ಎದ್ದು ಕಾಣುತ್ತಿದ್ದದ್ದು ರಾಜ್ಯದ ಆರೋಗ್ಯ ಮಂಡಳಿಯ ಹೆಸರು. ಇದರ ಮೇಲೆ, ಚಿಕಿತ್ಸಾ ಶಿಬಿರ ಬೇಕೆಂದ ಕೌಂಟಿ (ರಾಜ್ಯದೊಳಗಿನ ಜಿಲ್ಲೆಯಂಥ ಘಟಕ) ಔಷಧಿಯ ಖರ್ಚಿಗೆ ತಾನೂ ಒಂದಿಷ್ಟು ಹಣ ಮಂಜೂರು ಮಾಡಬೇಕಿತ್ತು.

ಈ ಕಡೆಯ ಷರತ್ತನ್ನು ಜಿಪುಣತನವೆಂದು ಓದಿದರೆ ತಪ್ಪು. ಕೌಂಟಿಯ ಸಭೆಯಲ್ಲಿ ಹಣ ಮಂಜೂರಾಗಬೇಕಾದರೆ ಅಲ್ಲಿ ಚರ್ಚೆ ನಡೆಯಲೇಬೇಕು. ಅನುಮಾನವಿದ್ದವರು ಅಲ್ಲಿ ಎದ್ದುನಿಂತು ಕೇಳಬಹುದು, ಬೇಡವೆನ್ನಬಹುದು. ಬೇಡವೆನ್ನುವ ಹಕ್ಕಿದ್ದರೆ ಮಾತ್ರ ಬೇಕೆಂದದ್ದಕ್ಕೆ ಬೆಲೆ.

ಇಲ್ಲಿ ಒಂದು ತಕರಾರನ್ನು ಪ್ರಾಮಾಣಿಕವಾಗಿ ಎತ್ತಲೇಬೇಕು. ಹೊಲದಲ್ಲಿ, ಊರಿನಲ್ಲಿ ದಾನಿಯ ಹೆಸರನ್ನು ಹಿಂದಕ್ಕೆ ಸರಿಸಿದ್ದು ಆ ವಾಟರ್ಸ್-ಪಿಯರ್ಸ್ ತಂತ್ರವೇ ಅಲ್ಲವೇ? ನಮ್ಮ ಉತ್ತರ: ಅಲ್ಲ, ಆದರೆ ಕೂದಲೆಳೆಯ ಅಂತರ. ಸಂಸ್ಥೆಯ ಹೆಸರಿನಲ್ಲೇ ರಾಕ್‌ಫೆಲರ್ ಇದ್ದ, ಮೊತ್ತ ಪತ್ರಿಕೆಗಳಲ್ಲಿ ಬಂದಿತ್ತು, ತಿಳಿಯಬೇಕೆಂದವರಿಗೆ ಎಲ್ಲವೂ ತಿಳಿದಿತ್ತು. ಮರೆಮಾಡಿದ್ದರೆ ಕಥೆ ಬೇರೆಯಾಗುತ್ತಿತ್ತು. ಹೆಸರು ಮೆರೆಸದಿರುವುದು ಬೇರೆ, ಹೆಸರು ಮುಚ್ಚಿಡುವುದು ಬೇರೆ. ದಾನಿಗೆ ಅಂಟಿದ ಕೆಟ್ಟ ಹೆಸರನ್ನು ತೊಳೆಯುವುದೇ ಉದ್ದೇಶವಾಗಿದ್ದರೆ ಹೆಸರನ್ನು ಹಿಂದೆ ಸರಿಸುವುದು ಅಸಂಬದ್ಧ ಎಂಬುದನ್ನೂ ಗಮನಿಸಬೇಕು. ಫಲಕ, ಶಿಲಾಶಾಸನ, ಫೋಟೊ ಇಲ್ಲದ ದಾನದಿಂದ ಕೀರ್ತಿ ಕೊಳ್ಳುವುದು ಕಷ್ಟ.

ಶಿಬಿರದ ಒಂದು ದಿನ

1910ರಲ್ಲಿ ಸಮಿತಿ ಊರಿನ ವೈದ್ಯರನ್ನು ನೆಚ್ಚಿತು. ಅವರಿಗೆ ರೋಗದ ಬಗ್ಗೆ ತಿಳಿಹೇಳಿದರೆ ತಮ್ಮ ರೋಗಿಗಳನ್ನು ತಾವೇ ನೋಡಿಕೊಳ್ಳುತ್ತಾರೆಂಬ ಲೆಕ್ಕ. ಫಲ ಕಡಿಮೆ. ಕೆಲವರಿಗೆ ಹುಳುವಿನ ಕಥೆಯಲ್ಲೇ ನಂಬಿಕೆಯಿಲ್ಲ. ಇನ್ನು ಕೆಲವರಿಗೆ ಪುಕ್ಕಟೆ ಔಷಧಿಯಿಂದ ಹೊಟ್ಟೆಪಾಡು ಹೋದೀತೆಂಬ ಭಯ. ಆ ವರ್ಷದ ಕೊನೆಗೆ ಮಿಸಿಸಿಪ್ಪಿಯಲ್ಲಿ ಕೌಂಟಿ ಶಿಬಿರವೆಂಬ ಹೊಸ ರೀತಿ ಶುರುವಾಗಿ ಉಳಿದ ಕಡೆಗೂ ಹರಡಿತು.

ಒಂದು ಕೌಂಟಿಯಲ್ಲಿ ಹಲವು ಜಾಗ ಗೊತ್ತುಮಾಡುತ್ತಿದ್ದರು: ಕೋರ್ಟು ಕಟ್ಟಡ, ಶಾಲೆ, ಚರ್ಚಿನ ಅಂಗಳ. ಪ್ರತಿ ಜಾಗಕ್ಕೆ ವಾರದಲ್ಲಿ ಒಂದು ಗೊತ್ತಾದ ದಿನ, ಹೀಗೆ ಹಲವು ವಾರ. ಮೊದಲೇ ಕರಪತ್ರ ಹಂಚಿಕೆ, ಪತ್ರಿಕೆಯಲ್ಲಿ ಸುದ್ದಿ, ಮೇಷ್ಟ್ರು ಹಾಗೂ ಪಾದ್ರಿಗಳಿಂದ ಪ್ರಚಾರ. ಜನ ಮಲದ ಮಾದರಿಯನ್ನು ಚಿಕ್ಕ ಡಬ್ಬಿಯಲ್ಲಿ ತರಬೇಕಿತ್ತು. ಅದರಿಂದ ಕಡ್ಡಿಯ ತುದಿಯಷ್ಟು ತೆಗೆದು, ಗಾಜಿನ ಮೇಲೆ ನೀರಿನ ಹನಿಯಲ್ಲಿ ತೆಳ್ಳಗೆ ಹರಡಿ, ಮೇಲೊಂದು ತೆಳುಗಾಜು ಮುಚ್ಚಿ ಮೈಕ್ರೋಸ್ಕೋಪಿನಡಿ ಇಡುತ್ತಿದ್ದರು. ಮೊಟ್ಟೆ ಇದ್ದರೆ ತೆಳು ಸಿಪ್ಪೆಯ, ಉದ್ದುರುಟಾದ, ಒಳಗೆ ನಾಲ್ಕಾರು ಕೋಶಗಳಾಗಿ ಸೀಳಿದ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಸಾಲಿನಲ್ಲಿ ನಿಂತವರು ತಾವೂ ಬಗ್ಗಿ ನೋಡಬಹುದಿತ್ತು. ಮೇಜಿನ ಮೇಲೆ ಬಾಟಲಿಗಳಲ್ಲಿ ನಿಜವಾದ ಹುಳುಗಳು. ಕಳೆದ ವಾರ ಔಷಧಿ ತಿಂದವನು ಈ ವಾರ ಬಂದು ತನ್ನಿಂದ ಎಷ್ಟು ಹುಳು ಬಿದ್ದವೆಂದು ನೆರೆದವರಿಗೆ ವರದಿ ಒಪ್ಪಿಸುತ್ತಿದ್ದ. ಬುತ್ತಿ ಕಟ್ಟಿಕೊಂಡು, ಗಾಡಿ ಹೂಡಿಕೊಂಡು ಬಂದವರು ಹಾಡು ಹೇಳುತ್ತ ದಿನವಿಡೀ ಕೂರುತ್ತಿದ್ದರು. ಕೆಲವು ಕಡೆ ಅದು ಥೇಟ್ ಬಯಲು ಪ್ರಾರ್ಥನಾ ಸಭೆಯಂತೆಯೇ ಇರುತ್ತಿತ್ತು.

ಬೂಟಿನ ಗುಮಾನಿಯನ್ನು ಕರಗಿಸಿದ್ದು ಈ ಮೇಜು. ಇಲ್ಲಿ ಯಾರನ್ನೂ ನಂಬಿ ಎನ್ನುತ್ತಿರಲಿಲ್ಲ. ನೋಡಿ ಎನ್ನುತ್ತಿದ್ದರು. ಮತ್ತು ಔಷಧಿ ಪುಕ್ಕಟೆ, ಮಾರಲು ಅಲ್ಲೇನೂ ಇರಲಿಲ್ಲ.

ಔಷಧಿ ಥೈಮಾಲ್, ಓಮಕಾಳಿಗೆ ಅದರ ಘಾಟು ಕೊಡುವ ವಸ್ತು. ಅಳತೆ ವಯಸ್ಸಿನ ಮೇಲೆ: 5 ವರ್ಷದ ಒಳಗಿನವರಿಗೆ ಏಳೂವರೆ ಗ್ರೇನ್, 5ರಿಂದ 9ರವರೆಗೆ 15, 10ರಿಂದ 14ಕ್ಕೆ 30, 15ರಿಂದ 19ಕ್ಕೆ 45, ದೊಡ್ಡವರಿಗೆ 60 ಗ್ರೇನ್, ಅಂದರೆ ಸುಮಾರು 4 ಗ್ರಾಂ. ಹಿಂದಿನ ರಾತ್ರಿ ಊಟ ಬಿಟ್ಟು ಎಪ್ಸಮ್ ಉಪ್ಪು ಕುಡಿದು ಹೊಟ್ಟೆ ಖಾಲಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಕರುಳಿನ ಲೋಳೆಯಲ್ಲಿ ಹುದುಗಿದ ಹುಳುವಿಗೆ ಔಷಧಿ ತಾಗುವುದಿಲ್ಲ. ಬೆಳಿಗ್ಗೆ 6ಕ್ಕೆ ಅರ್ಧ ಪಾಲು, 8ಕ್ಕೆ ಉಳಿದರ್ಧ, 10ಕ್ಕೆ ಮತ್ತೆ ಎಪ್ಸಮ್ ಉಪ್ಪು. ಭೇದಿಯಾಗುವವರೆಗೆ ಊಟ ಕೂಡದು. ವಾರ ಬಿಟ್ಟು ಇನ್ನೊಮ್ಮೆ, ಆಮೇಲೆ ಮತ್ತೆ ಮಲಪರೀಕ್ಷೆ.

ಎಡವಟ್ಟಾಗುತ್ತಿದ್ದದ್ದು ಎಲ್ಲಿ? ಥೈಮಾಲ್ ನೀರಿನಲ್ಲಿ ಅಷ್ಟಾಗಿ ಕರಗದು, ಎಣ್ಣೆಯಲ್ಲಿ, ಕೊಬ್ಬಿನಲ್ಲಿ, ಮದ್ಯದಲ್ಲಿ ಕರಗುತ್ತದೆ. ಕರಗದೆ ಕರುಳಿನಲ್ಲೇ ಉಳಿದರೆ ಹುಳು ಸಾಯುತ್ತದೆ. ಕರಗಿ ರಕ್ತ ಸೇರಿದರೆ ರೋಗಿಗೇ ವಿಷ. ಎಪ್ಸಮ್ ಉಪ್ಪಿನ ಬದಲು ಮನೆಯಲ್ಲಿದ್ದ ಹರಳೆಣ್ಣೆ ಕುಡಿಸುವುದು, ಘಾಟು ತಡೆಯಲಾರದೆ ಮೇಲೊಂದು ಗುಟುಕು ವಿಸ್ಕಿ ಹಾಕುವುದು, ಹಸಿದ ಮಗುವಿಗೆ ತಾಯಿ ಹಾಲು, ಬೆಣ್ಣೆ ಕೊಟ್ಟುಬಿಡುವುದು, ಎಲ್ಲವೂ ಅಪಾಯ. ಆದ್ದರಿಂದ ಪುಡಿಕೆಯ ಜೊತೆ ಅಚ್ಚುಮಾಡಿದ ಸೂಚನೆ ಕೊಟ್ಟು, ಓದಲು ಬಾರದವರಿಗೆ ಬಾಯಿಪಾಠ ಮಾಡಿಸಬೇಕಿತ್ತು. ಅನುಮಾನ ಕವಿದ ಕೆಲಸದಲ್ಲಿ ಒಂದು ಸಾವು ಸಾಕು, ಉಳಿದೆಲ್ಲ ವದಂತಿಗೂ ಅದೇ ಸಾಕ್ಷಿಯಾಗುತ್ತದೆ. ಒಳ್ಳೆಯ ಹೆಸರಿನವನಿಗೆ ಸಿಗುವ ಕ್ಷಮೆ ಕೆಟ್ಟ ಹೆಸರಿನವನಿಗೆ ಸಿಗುವುದಿಲ್ಲ. ಹಾಗಾಗಿ ಅವನ ಹಣದಲ್ಲಿ ನಡೆಯುವ ಕೆಲಸಕ್ಕೆ ಎಚ್ಚರ ದುಪ್ಪಟ್ಟು ಬೇಕು. (ಈ ಚಿಕಿತ್ಸೆ ಇಂದು ಇತಿಹಾಸ. ಈಗ ಆಲ್ಬೆಂಡಜೋಲ್ 400 ಮಿಲಿಗ್ರಾಂನ ಒಂದು ಮಾತ್ರೆ ಸಾಕಾಗುತ್ತದೆ.)

ಅನುಮಾನಿಸಿದವರು ಸರಿಯಿದ್ದದ್ದು ಎಲ್ಲಿ

ದಾನ ಫಲ ಕೊಟ್ಟಿತೆಂಬುದಕ್ಕೆ ಪುರಾವೆ ಇದೆ. ಆಗಿನ ಸಮೀಕ್ಷೆಯಲ್ಲಿ ದಕ್ಷಿಣದ ಶಾಲಾವಯಸ್ಸಿನ ಮಕ್ಕಳಲ್ಲಿ ಶೇ. 40ರ ಸುಮಾರು ಮಂದಿಗೆ ಹುಳುವಿತ್ತು. ಅರ್ಥಶಾಸ್ತ್ರಜ್ಞ ಹಾಯ್ಟ್ ಬ್ಲೀಕ್ಲಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರೋಗ ಹೆಚ್ಚಿದ್ದ ಪ್ರದೇಶಗಳಲ್ಲಿ ಕಾರ್ಯಕ್ರಮದ ನಂತರ ಶಾಲೆಗೆ ಸೇರುವುದು, ತಪ್ಪದೆ ಹೋಗುವುದು, ಓದುಬರಹ, ಮೂರೂ ಉಳಿದೆಡೆಗಿಂತ ಜೋರಾಗಿ ಏರಿದವು.

ಆದರೆ ನಿರ್ಮೂಲನ? ಆಗಲಿಲ್ಲ. ಶಿಬಿರದ ಜನಸಂದಣಿ, ಔಷಧಿಯ ಲೆಕ್ಕ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ. ಪಾಯಿಖಾನೆ ಕಟ್ಟಿಸುವುದು ನಿಧಾನದ, ಖರ್ಚಿನ, ಹೊಗಳಿಕೆ ಸಿಗದ ಕೆಲಸ. ತಪಾಸಣೆ ಮಾಡಿದ ಹಳ್ಳಿಮನೆಗಳಲ್ಲಿ ದೊಡ್ಡ ಪಾಲಿಗೆ ಯಾವ ಬಗೆಯ ಪಾಯಿಖಾನೆಯೂ ಇರಲಿಲ್ಲ. ಔಷಧಿ ತಿಂದು ಹುಳು ಕಳೆದುಕೊಂಡ ಹುಡುಗ ಅದೇ ಹಿತ್ತಿಲಲ್ಲಿ ಬರಿಗಾಲಲ್ಲಿ ಓಡಾಡಿ ಮತ್ತೆ ಹತ್ತಿಸಿಕೊಳ್ಳುತ್ತಿದ್ದ. ಸ್ಟೈಲ್ಸ್ ಇದನ್ನೇ ಒತ್ತಿ ಹೇಳುತ್ತಿದ್ದವನು. ಹಣದ ಅವಧಿ ಮುಗಿದದ್ದೇ, 1914ರ ಕೊನೆಗೆ ಸಮಿತಿ ಬಾಗಿಲು ಹಾಕಿತು. ದಾನಿ ಹೊರಟ ಮೇಲೆ ಹೊಣೆ ಯಾರದು ಎಂದು ಮೊದಲೇ ಕೇಳಿದವರ ಮಾತು ಹುಸಿಯಾಗಲಿಲ್ಲ. ರಾಜ್ಯಗಳ ಆರೋಗ್ಯ ಮಂಡಳಿಗಳು ಮೊದಲಿಗಿಂತ ಬಲವಾಗಿ ಉಳಿದವು ಎಂಬುದಷ್ಟೇ ಸಮಾಧಾನ.

ಇನ್ನೊಂದು ತೊಡಕು ಹತ್ತಿ ಗಿರಣಿಗಳದ್ದು. ಅಲ್ಲಿ ದುಡಿಯುವ ಮಕ್ಕಳು ಬಿಳಿಚಿಕೊಂಡಿರುವುದಕ್ಕೆ ಗಿರಣಿಯಲ್ಲ, ಹಳ್ಳಿಯಿಂದ ಹೊತ್ತುತಂದ ಕೊಕ್ಕೆಹುಳುವೇ ಕಾರಣವೆಂದು ಸ್ಟೈಲ್ಸ್ ವಾದಿಸಿದ. ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಹೋರಾಡುತ್ತಿದ್ದ ಅಲೆಕ್ಸಾಂಡರ್ ಮೆಕೆಲ್ವೆಯಂಥವರಿಗೆ ಇದು ಮಾಲೀಕರ ಕೈಗೆ ಕತ್ತಿ ಕೊಟ್ಟಂತೆ ಕಂಡಿತು. ಸ್ಟೈಲ್ಸ್ ಯಾರಿಗೋ ಮಾರಿಕೊಂಡು ಹಾಗೆ ಹೇಳಿದನೆನ್ನಲು ಆಧಾರವಿಲ್ಲ. ಅವನು ಹೋದಲ್ಲೆಲ್ಲ ಹುಳುವನ್ನೇ ಕಾಣುತ್ತಿದ್ದವನು. ಆದರೆ ರೋಗವೊಂದನ್ನೇ ಕಾರಣವಾಗಿ ನಿಲ್ಲಿಸಿದಾಗ ಕೂಲಿ, ಗೇಣಿ, ಆಹಾರದ ಪ್ರಶ್ನೆಗಳು ಪಕ್ಕಕ್ಕೆ ಸರಿಯುತ್ತವೆ. ಅದರ ಲಾಭ ಉಳ್ಳವರಿಗೇ. ಬೂಟಿನ ಗುಮಾನಿಗಿಂತ ಈ ಅನುಮಾನ ತೂಕದ್ದು. ಮೈಕ್ರೋಸ್ಕೋಪಿನಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ.

ಅದೇ ದಾನಿ, ಅದೇ ಹಣ, ಬೇರೆ ಫಲ

ಹೋಲಿಕೆಗೆ ಬೇರೆಲ್ಲೂ ಹೋಗಬೇಕಿಲ್ಲ. 1910ರ ಮಾರ್ಚಿನಲ್ಲಿ ರಾಕ್‌ಫೆಲರ್ ಪ್ರತಿಷ್ಠಾನಕ್ಕೆ ಕಾಂಗ್ರೆಸ್ಸಿನ ಸನ್ನದು ಕೋರಿ ಸೆನೆಟ್ಟಿನಲ್ಲಿ ಮಸೂದೆ ಬಂತು. ಉದ್ದೇಶ ಮಾನವಕುಲದ ಕಲ್ಯಾಣ, ಅಂದರೆ ಏನು ಬೇಕಾದರೂ. ಅಟಾರ್ನಿ ಜನರಲ್ ವಿಕರ್ಶಾಮ್, ಅಧ್ಯಕ್ಷ ಟಾಫ್ಟ್ ಇಬ್ಬರೂ ವಿರೋಧಿಸಿದರು. ತನ್ನಂತೆ ಆಗದಿರುವುದು ಹೇಗೆಂದು ಜನರಿಗೆ ಕಲಿಸುವ ಸಂಸ್ಥೆಯನ್ನು ಕಟ್ಟಿದರೆ ಜಗತ್ತು ಆ ದಾನವನ್ನು ಸ್ವೀಕರಿಸೀತು ಎಂದು ಕಾರ್ಮಿಕ ನಾಯಕ ಸ್ಯಾಮ್ಯುಯೆಲ್ ಗೊಂಪರ್ಸ್ ಕುಟುಕಿದ. ರಾಕ್‌ಫೆಲರ್ ಕಡೆಯವರು ತಗ್ಗಿ, ನಿಧಿ 10 ಕೋಟಿ ಡಾಲರ್ ಮೀರಬಾರದು, ಟ್ರಸ್ಟಿಗಳ ಆಯ್ಕೆಯನ್ನು ತಡೆಯುವ ಅಧಿಕಾರ ದೇಶದ ಅಧ್ಯಕ್ಷ, ಮುಖ್ಯ ನ್ಯಾಯಾಧೀಶ ಮೊದಲಾದವರ ಕೂಟಕ್ಕಿರಲಿ ಎಂಬ ತಿದ್ದುಪಡಿಗಳನ್ನು ತಾವೇ ಮುಂದಿಟ್ಟರು. ಆದರೂ ಮಸೂದೆ ಸೆನೆಟ್ ದಾಟಲಿಲ್ಲ. ಕಡೆಗೆ 1913ರ ಮೇ 14ರಂದು ನ್ಯೂಯಾರ್ಕ್ ರಾಜ್ಯದ ಸನ್ನದು ಸಿಕ್ಕಿತು. ತಾವೇ ಒಪ್ಪಿದ್ದ ಆ ಕಡಿವಾಣಗಳು ಅದರಲ್ಲಿ ಇರಲಿಲ್ಲ. ಅನುಮಾನಿಸಿದವರು ಪೂರ್ತಿ ಹಟ ಹಿಡಿದು, ಸಿಗುತ್ತಿದ್ದ ಹಿಡಿತವನ್ನೂ ಕಳೆದುಕೊಂಡರು ಎಂದು ನಮಗನಿಸುತ್ತದೆ.

ವರ್ಷ ತುಂಬುವುದರೊಳಗೆ ಲಡ್ಲೊ. 1914ರ ಏಪ್ರಿಲ್ 20ರಂದು ಕೊಲೊರಾಡೊದಲ್ಲಿ ಮುಷ್ಕರ ನಿರತ ಕಲ್ಲಿದ್ದಲು ಗಣಿ ಕಾರ್ಮಿಕರ ಡೇರೆಗಳ ಮೇಲೆ ರಾಜ್ಯದ ಸೇನಾಪಡೆ, ಕಂಪನಿಯ ಕಾವಲುಗಾರರು ಗುಂಡು ಹಾರಿಸಿದರು. ಡೇರೆಗಳು ಹೊತ್ತಿ ಉರಿದವು. ಒಂದು ಡೇರೆಯಡಿಯ ಗುಂಡಿಯಲ್ಲಿ ಅಡಗಿದ್ದ 11 ಮಕ್ಕಳು, ಇಬ್ಬರು ಹೆಂಗಸರು ಉಸಿರುಗಟ್ಟಿ ಸತ್ತರು. ಮುಷ್ಕರದ ಮುಖ್ಯ ಎದುರಾಳಿಯಾಗಿದ್ದ ಕಂಪನಿಯ ನಿಯಂತ್ರಣ ರಾಕ್‌ಫೆಲರ್ ಕುಟುಂಬದ್ದು. ಅದೇ ವರ್ಷ ಪ್ರತಿಷ್ಠಾನ, ಕೆನಡಾದ ಮಾಜಿ ಕಾರ್ಮಿಕ ಸಚಿವ ಮೆಕೆಂಜಿ ಕಿಂಗ್‌ನನ್ನು ನೇಮಿಸಿಕೊಂಡು, ಮಾಲೀಕರು ಮತ್ತು ಕಾರ್ಮಿಕರ ಸಂಬಂಧದ ಕುರಿತು ನಿಷ್ಪಕ್ಷಪಾತ ಅಧ್ಯಯನಕ್ಕೆ ಹೊರಟಿತು. ಫ್ರಾಂಕ್ ವಾಲ್ಶ್ ಅಧ್ಯಕ್ಷತೆಯ ಫೆಡರಲ್ ಆಯೋಗ 1915ರಲ್ಲಿ ಮಗ ಕಿರಿಯ ರಾಕ್‌ಫೆಲರ್‌ನನ್ನು ಕಟಕಟೆಗೆ ಕರೆದು ಪ್ರಶ್ನಿಸಿತು: ಗಣಿಯ ಒಡೆಯನ ದುಡ್ಡಿನಲ್ಲಿ, ಗಣಿಯ ಒಡೆಯನೇ ಅಧ್ಯಕ್ಷನಾಗಿರುವ ಸಂಸ್ಥೆ, ಗಣಿ ಕಾರ್ಮಿಕರ ಬಗ್ಗೆ ಏನು ಕಂಡುಹಿಡಿದೀತು?

ಕಿಂಗ್ ಕೊಟ್ಟ ಸಲಹೆಗಳು ಕೆಟ್ಟವೇನಲ್ಲ. ಕಾರ್ಮಿಕರ ಪ್ರತಿನಿಧಿಗಳು ಆಡಳಿತದೊಡನೆ ಕೂತು ಮಾತಾಡುವ ಏರ್ಪಾಡು ಅವನ ಯೋಜನೆಯಲ್ಲಿತ್ತು, ಅದು ಜಾರಿಗೂ ಬಂತು. ಆದರೆ ಸ್ವತಂತ್ರ ಸಂಘಕ್ಕೆ ಅದರಲ್ಲಿ ಮಾನ್ಯತೆ ಇರಲಿಲ್ಲ. ಮುಷ್ಕರದ ಕೇಂದ್ರ ಬೇಡಿಕೆಯೇ ಅದಾಗಿತ್ತು. ಅನುಮಾನಿಸಿದವರು ಎಲ್ಲಿ ಬೆರಳಿಟ್ಟಿದ್ದರೋ ಫಲಿತಾಂಶ ಸರಿಯಾಗಿ ಅಲ್ಲೇ ವಾಲಿತು.

ಕೊಕ್ಕೆಹುಳುವಿನಲ್ಲಿ ದಾನಿಗೆ ಹೇಳಿಕೊಳ್ಳುವಂಥ ಪಾಲಿರಲಿಲ್ಲ, ಸತ್ಯವನ್ನು ಯಾರು ಬೇಕಾದರೂ ಗಾಜಿನಡಿ ನೋಡಬಹುದಿತ್ತು, ಬೇಡವೆನ್ನುವ ಅಧಿಕಾರ ಕೌಂಟಿಗಿತ್ತು, ಸಿಬ್ಬಂದಿ ಉತ್ತರ ಹೇಳಬೇಕಾದದ್ದು ರಾಜ್ಯಕ್ಕೆ. ಲಡ್ಲೊದಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ದಾನಿಯ ಮನಸ್ಸು ಎರಡೂ ಕಡೆ ಒಂದೇ ಇದ್ದಿರಬಹುದು. ಅವನು ಬಾಲ್ಯದ ಮೊದಲ ಸಂಪಾದನೆಯಿಂದಲೇ ಚರ್ಚಿಗೆ ಪಾಲು ತೆಗೆದಿಡುತ್ತಿದ್ದ ಬ್ಯಾಪ್ಟಿಸ್ಟ್, ತನ್ನ ಹಣ ದೇವರು ಕೊಟ್ಟದ್ದೆಂದು ನಿಜವಾಗಿ ನಂಬಿದ್ದವನು. ಮನಸ್ಸಿನ ಶುದ್ಧಿಯನ್ನು ಅಳೆಯಲು ಹೊರಟ ವಾದಗಳು ಅಂದೂ ಎಲ್ಲೂ ಮುಟ್ಟಲಿಲ್ಲ, ಇಂದೂ ಮುಟ್ಟುವುದಿಲ್ಲ. ಟಾರ್ಬೆಲ್ ಬರೆದದ್ದರಲ್ಲಿ ಒಂದಕ್ಷರವೂ ಹುಳುವಿನ ಔಷಧಿಯಿಂದ ಅಳಿಸಿಹೋಗಲಿಲ್ಲ, ಕೋರ್ಟು ಕಂಪನಿಯನ್ನು ಒಡೆಯುವುದನ್ನೂ ಬಿಡಲಿಲ್ಲ.

ವಾಲ್ಶ್ ಆಯೋಗದ ವಿಚಾರಣೆಯ ಬಿಸಿ ತಟ್ಟಿದ ಮೇಲೆ ಪ್ರತಿಷ್ಠಾನ ಬಹುಕಾಲ ಕಾರ್ಮಿಕ ವಿವಾದದಂಥ ವಿಷಯಗಳಿಗೆ ನೇರವಾಗಿ ಕೈಹಾಕದೆ, ಸಾರ್ವಜನಿಕ ಆರೋಗ್ಯ ಮತ್ತು ವೈದ್ಯಶಿಕ್ಷಣದ ಕಡೆಗೆ ಸರಿಯಿತು. 1913ರಲ್ಲೇ ಅದು ಸ್ಥಾಪಿಸಿದ್ದ ಅಂತಾರಾಷ್ಟ್ರೀಯ ಆರೋಗ್ಯ ವಿಭಾಗವನ್ನು ನಡೆಸುತ್ತಿದ್ದವನು ವಿಕ್ಲಿಫ್ ರೋಸ್. ಬ್ರಿಟಿಷ್ ಗಯಾನಾದಲ್ಲಿ ಅವನು ಮೊದಲು ಕೈಗೆತ್ತಿಕೊಂಡದ್ದು ಮತ್ತದೇ ಮಲದ ಡಬ್ಬಿ, ಮೈಕ್ರೋಸ್ಕೋಪು, ಥೈಮಾಲ್ ಪುಡಿಕೆ.